ಕೊಂಡ ಸಾಫ್ಟ್‌ವೇರ್ ಬಿಟ್ಟು ಚಂದಾ ಸಾಫ್ಟ್‌ವೇರಿಗೆ ಹೋಗಬೇಕೇ? ದಾವಣಗೆರೆಯ ಅಂಗಡಿಯೊಂದರ ಪ್ರಶ್ನೆ

ಪಂಪ್‌ಸೆಟ್ ಅಂಗಡಿ, ದಾವಣಗೆರೆ

ನಮ್ಮದು ಪಂಪ್‌ಸೆಟ್, ಪೈಪು, ಸ್ಟಾರ್ಟರ್ ಮತ್ತು ಅವುಗಳ ಬಿಡಿಭಾಗಗಳ ವ್ಯಾಪಾರ. ತಂದೆಯವರು ಆರಂಭಿಸಿದ ಅಂಗಡಿ ದಾವಣಗೆರೆಯಲ್ಲಿದೆ. ಎರಡು ವರ್ಷದ ಹಿಂದೆ ಚನ್ನಗಿರಿಯಲ್ಲಿ ಇನ್ನೊಂದನ್ನು ತೆರೆದಿದ್ದೇವೆ. 2014ರಲ್ಲಿ 54,000 ರೂಪಾಯಿಗೆ ಕೊಂಡ ಬಿಲ್ಲಿಂಗ್ ಸಾಫ್ಟ್‌ವೇರ್ ಇಂದಿಗೂ ಮೂರು ಕಂಪ್ಯೂಟರುಗಳಲ್ಲಿ ನಡೆಯುತ್ತಿದೆ. ಅದನ್ನು ಮಾರಿದ ಕಂಪನಿಯವರು ಕಳೆದ ತಿಂಗಳು ಬಂದು, ಇನ್ನು ಮುಂದೆ ಹಳೆಯದಕ್ಕೆ ಯಾವ ಬದಲಾವಣೆಯನ್ನೂ ಮಾಡಿಕೊಡುವುದಿಲ್ಲವೆಂದೂ, ಇಂಟರ್‌ನೆಟ್ ಮೂಲಕ ನಡೆಯುವ ಹೊಸದನ್ನು ತಿಂಗಳಿಗೆ 2,400 ರೂಪಾಯಿ ಚಂದಾ ಮತ್ತು ಅದರ ಮೇಲೆ ಜಿಎಸ್‌ಟಿ ಕಟ್ಟಿ ಬಳಸಬೇಕೆಂದೂ ಹೇಳಿ ಹೋಗಿದ್ದಾರೆ.

ಜಿಎಸ್‌ಟಿ ಬಿಟ್ಟು ಲೆಕ್ಕ ಹಾಕಿದರೆ ವರ್ಷಕ್ಕೆ 28,800 ರೂಪಾಯಿ, ಐದು ವರ್ಷಕ್ಕೆ 1,44,000 ರೂಪಾಯಿ ಆಗುತ್ತದೆ. ದರವನ್ನು ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರಿಸಿದರೆ ಐದು ವರ್ಷಕ್ಕೆ 1,75,000 ದಾಟುತ್ತದೆ. ಹನ್ನೊಂದು ವರ್ಷ ನಡೆದ ಹಳೆಯ ಸಾಫ್ಟ್‌ವೇರಿನ ಪಕ್ಕದಲ್ಲಿಟ್ಟರೆ ಇದು ದುಬಾರಿಯಾಗಿಯೇ ಕಾಣುತ್ತದೆ. ಆದರೆ ಚನ್ನಗಿರಿಯ ಅಂಗಡಿಯಲ್ಲಿ ಎಷ್ಟು ಮೋಟಾರು ಉಳಿದಿವೆ ಎಂದು ತಿಳಿಯಲು ಈಗಲೂ ದಿನಕ್ಕೆ ನಾಲ್ಕು ಬಾರಿ ಫೋನ್ ಮಾಡಬೇಕಾಗಿರುವುದೂ ನಿಜ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿರುವುದು ಉದ್ರಿ ಖಾತೆ. ಜಗಳೂರು, ಹೊಳಲ್ಕೆರೆ ಕಡೆಯ ರೈತರು ಬೋರ್‌ವೆಲ್ ಕೊರೆಸಿದ ದಿನ ಮೋಟಾರು ಒಯ್ದು, ಮೆಕ್ಕೆಜೋಳವನ್ನೋ ಅಡಿಕೆಯನ್ನೋ ಮಾರಿದ ಮೇಲೆ ಹಣ ತಂದು ಕೊಡುತ್ತಾರೆ. ಯಾರು ಯಾವ ಬಿಲ್ಲಿಗೆ ಎಷ್ಟು ಕೊಡಬೇಕು ಎಂಬುದು ನಮ್ಮ ಗೋಡೌನಿನಲ್ಲಿರುವ ಮಾಲಿಗಿಂತ ದೊಡ್ಡ ಆಸ್ತಿ. ಆ ಲೆಕ್ಕವನ್ನು ಬೇರೊಬ್ಬರ ಕಂಪ್ಯೂಟರಿನಲ್ಲಿಟ್ಟು, ಅದನ್ನು ನೋಡುವುದಕ್ಕೆ ತಿಂಗಳು ತಿಂಗಳು ಹಣ ಕೊಡುವುದು ಸರಿಯೇ ಎಂದು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಜವಳಿ ಅಂಗಡಿ, ದಾವಣಗೆರೆ

ನಾವು 2021ರಲ್ಲೇ ಚಂದಾ ಪದ್ಧತಿಗೆ ಬಂದೆವು. ಹಿಂದಿರುಗುವ ಯೋಚನೆ ಒಮ್ಮೆಯೂ ಬಂದಿಲ್ಲ. ಕಳೆದ ವರ್ಷದ ಒಂದು ದಿನವನ್ನೇ ನೆನಪಿಸುತ್ತೇನೆ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಹೊಸ ಜಿಎಸ್‌ಟಿ ದರಗಳು ಜಾರಿಗೆ ಬಂದವು. ಅಲ್ಲಿಯವರೆಗೆ ಸಿದ್ಧ ಉಡುಪು ಒಂದಕ್ಕೆ 1,000 ರೂಪಾಯಿ ಒಳಗಿದ್ದರೆ ಶೇ. 5, ಮೇಲಿದ್ದರೆ ಶೇ. 12 ಇತ್ತು, ಅಂದಿನಿಂದ 2,500 ರೂಪಾಯಿವರೆಗೆ ಶೇ. 5, ಅದಕ್ಕೂ ಮೇಲಾದರೆ ಶೇ. 18 ಆಯಿತು. ಹಬ್ಬದ ವ್ಯಾಪಾರ ತೆರೆಯುವ ದಿನವೇ ಸಾವಿರಾರು ನಮೂನೆಯ ಬಟ್ಟೆಗಳ ದರಪಟ್ಟಿ ಬದಲಾಗಬೇಕಿತ್ತು. ನಾವು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಸಾಫ್ಟ್‌ವೇರಿನಲ್ಲಿ ಅದು ಬದಲಾಗಿತ್ತು. ನಮ್ಮ ಪಕ್ಕದ ಅಂಗಡಿಯವರು ಹಳೆಯ ಸಾಫ್ಟ್‌ವೇರ್ ಇಟ್ಟುಕೊಂಡಿದ್ದು, ಎರಡು ರಾತ್ರಿ ಗುಮಾಸ್ತರನ್ನು ಕೂರಿಸಿ ಒಂದೊಂದಾಗಿ ತಿದ್ದಿಸಿದರು. ಮೂರನೆಯ ದಿನವೂ ಕೆಲವು ಬಿಲ್ಲುಗಳು ತಪ್ಪಾಗಿಯೇ ಹೋದವು.

ತಾವು 54,000 ರೂಪಾಯಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೀರಿ. 2022ರ ಜುಲೈ 18ರಂದು ನೀರಿನ ಪಂಪುಗಳ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿದಾಗ, ಮತ್ತು ಕಳೆದ ಸೆಪ್ಟೆಂಬರಿನಲ್ಲಿ ಹನಿ ನೀರಾವರಿ ಸಾಮಗ್ರಿಗೆ 12ರಿಂದ 5ಕ್ಕೆ ಇಳಿದಾಗ, ಸಾಫ್ಟ್‌ವೇರ್ ಹುಡುಗನಿಗೆ ಭೇಟಿಗಿಷ್ಟೆಂದು ಕೊಟ್ಟ ಹಣ, ಕೆಟ್ಟ ಹಾರ್ಡ್‌ಡಿಸ್ಕ್, ಹೊಸ ಕಂಪ್ಯೂಟರಿಗೆ ಹಳೆಯದನ್ನು ಕೂರಿಸಿದ ಖರ್ಚು, ಇವೆಲ್ಲವನ್ನೂ ಸೇರಿಸಿ ನೋಡಿದರೆ ಹಳೆಯದೂ ಪುಕ್ಕಟೆಯಾಗಿ ನಡೆದಿಲ್ಲವೆಂಬುದು ತಿಳಿಯುತ್ತದೆ.

ಎಣ್ಣೆ ಗಿರಣಿ, ಚಳ್ಳಕೆರೆ

ಜವಳಿ ಅಂಗಡಿಯವರು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ನನಗಾದ ಅನುಭವವನ್ನೂ ಕೇಳಿ ತೀರ್ಮಾನಿಸಿ.

ಶೇಂಗಾ ಆವಕ ಜೋರಾಗಿದ್ದ ನವೆಂಬರ್ ತಿಂಗಳು. ಬೆಳಿಗ್ಗೆ ಎಂಟೂವರೆಗೆ ಗಿರಣಿಯ ಮುಂದೆ ಎರಡು ಲಾರಿ ಎಣ್ಣೆ ತುಂಬಿಕೊಂಡು ನಿಂತಿದ್ದವು. ಬಿಲ್ಲು ಮಾಡಲು ಹೋದರೆ, ತಮ್ಮ ಚಂದಾ ಅವಧಿ ಮುಗಿದಿದೆ ಎಂಬ ಒಂದು ಸಾಲು ಬಿಟ್ಟರೆ ಪರದೆಯ ಮೇಲೆ ಬೇರೇನೂ ಇರಲಿಲ್ಲ. ಹೊಸ ಬಿಲ್ಲು ಹಾಕಲಾಗದಿರುವುದು ಹಾಗಿರಲಿ, ಹಿಂದಿನ ದಿನದ ಬಿಲ್ಲನ್ನು ನೋಡುವುದಕ್ಕೂ ಬರಲಿಲ್ಲ. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು: ನಾವು ವರ್ಷದ ಚಂದಾವನ್ನು ಕಾರ್ಡಿನಿಂದ ತಾನಾಗಿಯೇ ಕಡಿತವಾಗುವಂತೆ ಬಿಟ್ಟಿದ್ದೆವು. ರಿಸರ್ವ್ ಬ್ಯಾಂಕಿನ ನಿಯಮದಂತೆ 15,000 ರೂಪಾಯಿ ಮೀರಿದ ಇಂತಹ ಕಂತಿಗೆ ಪ್ರತಿ ಬಾರಿಯೂ ಒಟಿಪಿ ಕೊಟ್ಟು ಒಪ್ಪಿಗೆ ಸೂಚಿಸಬೇಕು. ಒಪ್ಪಿಗೆ ಕೇಳಿದ ಸಂದೇಶ ಮಗನ ಹಳೆಯ ಇಮೇಲಿಗೆ ಹೋಗಿತ್ತು. ಮಗ ಆಗ ಪುಣೆಯಲ್ಲಿ ಓದುತ್ತಿದ್ದ. ನಿಯಮ ನಮ್ಮ ರಕ್ಷಣೆಗೇ ಇರುವಂಥದ್ದು, ಅದರ ಮೇಲೆ ನನಗೆ ದೂರಿಲ್ಲ. ಆದರೆ ಹಣ ಕಟ್ಟಿದ ಮೇಲೂ ಖಾತೆ ತೆರೆಯಲು ಕಂಪನಿಯವರು ಮೂರು ದಿನ ತೆಗೆದುಕೊಂಡರು. ಫೋನ್ ಎತ್ತಿದವರೆಲ್ಲರೂ ಒಂದು ದೂರು ಸಂಖ್ಯೆ ಕೊಟ್ಟು ಕಾಯಲು ಹೇಳಿದರೇ ಹೊರತು, ನಿರ್ಧಾರ ಮಾಡುವ ಅಧಿಕಾರವುಳ್ಳ ಒಬ್ಬ ಮನುಷ್ಯ ಸಿಗಲಿಲ್ಲ.

ಆ ಮೂರು ದಿನ ಕೈಬರಹದ ಬಿಲ್ಲಿನಲ್ಲಿ ವ್ಯಾಪಾರ ಮಾಡಿದೆವು. ನಮ್ಮ ತಂದೆಯವರ ಕಾಲದ ಕಿರ್ದಿ ಪುಸ್ತಕ ಇನ್ನೂ ಬೀರುವಿನಲ್ಲಿದೆ. ಅದನ್ನು ತೆರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ತೆರಿಗೆ ಸಲಹೆಗಾರ್ತಿ, ಚಿತ್ರದುರ್ಗ

ಗಿರಣಿ ಯಜಮಾನರ ಪ್ರಸಂಗದಲ್ಲಿ ನನಗೆ ಎದ್ದು ಕಂಡದ್ದು ಹಳೆಯ ಬಿಲ್ಲು ನೋಡಲು ಬರಲಿಲ್ಲವೆಂಬ ಮಾತು. ಚಂದಾ ಕಟ್ಟದಿದ್ದಾಗ ಹೊಸ ಬಿಲ್ಲು ಹಾಕಲು ಬಿಡದಿರುವುದು ವ್ಯಾಪಾರದ ಮಾತಾಯಿತು. ಹಳೆಯದನ್ನೂ ಮುಚ್ಚಿದರೆ ಅದು ಕಾನೂನಿನ ತೊಡಕಾಗುತ್ತದೆ, ಮತ್ತು ಆ ತೊಡಕು ಬೀಳುವುದು ಸಾಫ್ಟ್‌ವೇರ್ ಕಂಪನಿಯ ತಲೆಯ ಮೇಲಲ್ಲ.

ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. 2024-25ನೆಯ ಸಾಲಿನ ವಾರ್ಷಿಕ ರಿಟರ್ನಿಗೆ 2025ರ ಡಿಸೆಂಬರ್ 31 ಕೊನೆಯ ದಿನವಾಗಿದ್ದರಿಂದ, ಆ ವರ್ಷದ ಬಿಲ್ಲುಗಳು 2031ರ ಕೊನೆಯವರೆಗೆ ತಮ್ಮ ಬಳಿ ಇರಬೇಕಾಗುತ್ತದೆ. ವ್ಯಾಜ್ಯವೇನಾದರೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಎಂಟು ಹಣಕಾಸು ವರ್ಷ. ಅಧಿಕಾರಿ ನೋಟಿಸು ಕೊಟ್ಟಾಗ, ನಾನು ಆ ಸಾಫ್ಟ್‌ವೇರ್ ಬಿಟ್ಟು ಮೂರು ವರ್ಷವಾಯಿತು, ಅವರ ಬಳಿ ಕೇಳಿ ಎಂದರೆ ಆ ಉತ್ತರ ನಡೆಯುವುದಿಲ್ಲ.

ಕಂಪನಿಗಳಿಗೆ ಇನ್ನೆರಡು ಷರತ್ತುಗಳಿವೆ. ಪಾಲುದಾರಿಕೆಯಲ್ಲೋ ಒಬ್ಬರ ಹೆಸರಿನಲ್ಲೋ ನಡೆಯುವ ಅಂಗಡಿಗೆ ಇವು ಅನ್ವಯಿಸುವುದಿಲ್ಲವಾದರೂ ತಿಳಿದಿರುವುದು ಒಳ್ಳೆಯದು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ದಾಖಲೆ ಉಳಿಯಬೇಕು, ಅದನ್ನು ನಿಲ್ಲಿಸಿಡಲು ಬರಬಾರದು. ವಿದ್ಯುನ್ಮಾನ ಲೆಕ್ಕಗಳ ಪ್ರತಿಯನ್ನು ಭಾರತದೊಳಗಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟಿನಲ್ಲಿ ನಿಯಮ ತಿದ್ದಲಾಗಿದೆ. ಇವೆರಡೂ ಹನ್ನೊಂದು ವರ್ಷ ಹಳೆಯ ಸಾಫ್ಟ್‌ವೇರಿನಿಂದ ಆಗುವ ಕೆಲಸವಲ್ಲ.

ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸಿಕೊಳ್ಳಬೇಕಾದ ಬಿಲ್ಲಿನ ವಿಷಯ ಮಾತ್ರ ಪಂಪ್‌ಸೆಟ್ ಅಂಗಡಿಯವರಿಗೂ ಸಂಬಂಧಿಸಿದ್ದು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ಮತ್ತೊಬ್ಬ ನೋಂದಾಯಿತ ವ್ಯಾಪಾರಿಗೆ ಮಾರುವಾಗ ಇದನ್ನು ಮಾಡಲೇಬೇಕು. 2020ರಲ್ಲಿ 500 ಕೋಟಿಯಿಂದ ಶುರುವಾದ ಮಿತಿ ಮೂರು ವರ್ಷದೊಳಗೆ 5 ಕೋಟಿಗೆ ಬಂದದ್ದನ್ನು ನೋಡಿದವಳಾಗಿ, ಇನ್ನೂ ಇಳಿಯಬಹುದೆಂದೇ ನನ್ನ ಕಕ್ಷಿದಾರರಿಗೆ ಹೇಳುತ್ತೇನೆ.

ತೆರಿಗೆಯ ಲಾಭದ ಬಗ್ಗೆ ಮಾರಾಟಗಾರರು ಆಡುವ ಮಾತನ್ನು ಸ್ವಲ್ಪ ಸೋಸಿ ಕೇಳಿ. ಕೊಂಡ ಸಾಫ್ಟ್‌ವೇರಿಗೆ ವರ್ಷಕ್ಕೆ ಶೇ. 40ರಂತೆ ಸವಕಳಿ ಸಿಗುತ್ತದೆ, ಚಂದಾ ಆದರೆ ಆಯಾ ವರ್ಷದ ಖರ್ಚಾಗಿ ಪೂರ್ತಿ ಕಳೆಯುತ್ತದೆ ಎಂಬುದು ಸರಿ. ಆದರೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುವವರಿಗೆ ಈ ವ್ಯತ್ಯಾಸದಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ಚಂದಾ ಮೇಲಿನ ಶೇ. 18 ಜಿಎಸ್‌ಟಿಯನ್ನು ಸಾಮಾನ್ಯ ನೋಂದಣಿಯವರು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದು, ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯವರಿಗೆ ಅದೂ ಇಲ್ಲ.

ಮುದ್ರಣಾಲಯ, ಚಿತ್ರದುರ್ಗ

ಲೆಕ್ಕದ ಸಾಫ್ಟ್‌ವೇರಿನಿಂದ ಸ್ವಲ್ಪ ಸರಿದು ನಮ್ಮ ಕಸುಬಿನ ಮಾತು ಹೇಳುತ್ತೇನೆ, ಏಕೆಂದರೆ ಚಂದಾ ಪದ್ಧತಿಯ ಬಿಸಿ ಮೊದಲು ತಟ್ಟಿದವರಲ್ಲಿ ನಾವೂ ಇದ್ದೇವೆ. ಅಡೋಬಿ ಕಂಪನಿ 2013ರಲ್ಲಿ, ತನ್ನ ವಿನ್ಯಾಸದ ಸಾಫ್ಟ್‌ವೇರುಗಳ ಹೊಸ ಆವೃತ್ತಿಗಳು ಇನ್ನು ಚಂದಾ ಮೂಲಕ ಮಾತ್ರ ದೊರೆಯುತ್ತವೆಂದು ಪ್ರಕಟಿಸಿತು. ನಮ್ಮಂಥ ಊರುಗಳ ಪ್ರೆಸ್ಸುಗಳು ಅದಕ್ಕೆ ಕೊಟ್ಟ ಉತ್ತರ ಸರಳವಾಗಿತ್ತು: 2001ರಲ್ಲಿ ಬಂದ, ಪುಟ ಜೋಡಿಸುವ ಅದೇ ಕಂಪನಿಯ ಪೇಜ್‌ಮೇಕರ್ 7 ಅನ್ನೇ ಮುಂದುವರಿಸಿದೆವು. ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ಕುಗಳಿಗೆ ಅದು ಸಾಕಾಗುತ್ತದೆ. ನಮ್ಮ ಬಳಿ ಇಪ್ಪತ್ತು ವರ್ಷದ ಕೆಲಸವೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಕನ್ನಡ ಅಕ್ಷರಗಳಲ್ಲಿ ಕುಳಿತಿದೆ. ಹೊಸ ಸಾಫ್ಟ್‌ವೇರಿಗೆ ಹೋದರೆ ಒತ್ತಕ್ಷರಗಳು ಎಲ್ಲೆಂದರಲ್ಲಿ ಕೂರುತ್ತವೆ.

ಹೀಗೆ ಉಳಿದದ್ದಕ್ಕೆ ಬೆಲೆಯೂ ತೆತ್ತಿದ್ದೇವೆ. ಗಿರಾಕಿ ಯೂನಿಕೋಡಿನಲ್ಲಿ ಕಳಿಸಿದ್ದನ್ನು ಪರಿವರ್ತಿಸಿ ತಿದ್ದುವುದಕ್ಕೆ ಒಬ್ಬ ಹುಡುಗನ ಅರ್ಧ ದಿನ ಹೋಗುತ್ತದೆ, ಅದೂ ದಿನಾಲೂ.

ಕಳೆದ ವರ್ಷದಿಂದ ಒಂದು ಕಂಪ್ಯೂಟರಿಗೆ ಮಾತ್ರ ಹೊಸ ವಿನ್ಯಾಸದ ಸಾಫ್ಟ್‌ವೇರನ್ನು ಮದುವೆಯ ದಿನಗಳಲ್ಲಿ ತಿಂಗಳ ಲೆಕ್ಕದಲ್ಲಿ ಪಡೆದು, ಆಷಾಢದಲ್ಲಿ ನಿಲ್ಲಿಸುತ್ತಿದ್ದೇನೆ. ಇಂಥ ಅನುಕೂಲ ಕೊಂಡುಕೊಳ್ಳುವ ಪದ್ಧತಿಯಲ್ಲಿ ಇರಲಿಲ್ಲ. ಆದರೆ ತಿಂಗಳ ಚಂದಾ ಎಂದರೂ, ವರ್ಷದ ಕರಾರನ್ನು ತಿಂಗಳ ಕಂತಿನಲ್ಲಿ ಕಟ್ಟುವುದು ಎಂದರೂ ನೋಡಲು ಒಂದೇ ಥರ ಇರುತ್ತವೆ. ಎರಡನೆಯದರಲ್ಲಿ ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಈ ದಂಡವನ್ನು ಗಿರಾಕಿಗಳಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂದು ಆರೋಪಿಸಿ 2024ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಶಿಫಾರಸಿನ ಮೇಲೆ ಅಲ್ಲಿನ ನ್ಯಾಯ ಇಲಾಖೆ ಅಡೋಬಿಯ ಮೇಲೆ ಮೊಕದ್ದಮೆಯನ್ನೇ ಹೂಡಿತು. ಅಂಥ ದೇಶದಲ್ಲೇ ಹಾಗಾಗುವುದಾದರೆ ಕರಾರನ್ನು ನಾವು ಕನ್ನಡಕ ಹಾಕಿಕೊಂಡೇ ಓದಬೇಕು.

ಕಂಪ್ಯೂಟರ್ ಸರ್ವಿಸ್, ದಾವಣಗೆರೆ

ನಾನು ಎರಡೂ ಬಗೆಯ ಸಾಫ್ಟ್‌ವೇರುಗಳಿಗೆ ದುರಸ್ತಿ ಕೆಲಸ ಮಾಡುವವನು. ಹಾಗಾಗಿ ನನ್ನ ಹೊಟ್ಟೆಪಾಡು ಯಾವ ಒಂದು ಪಕ್ಷಕ್ಕೂ ಕಟ್ಟಿಕೊಂಡಿಲ್ಲವೆಂದು ಮೊದಲೇ ಹೇಳುತ್ತೇನೆ.

ನಮ್ಮ ಲೆಕ್ಕ ನಮ್ಮ ಅಂಗಡಿಯಲ್ಲೇ ಇದೆ, ಆದ್ದರಿಂದ ಭದ್ರವಾಗಿದೆ ಎಂಬ ನಂಬಿಕೆ ವಾರಕ್ಕೊಮ್ಮೆಯಾದರೂ ಮುರಿದು ಬೀಳುವುದನ್ನು ನೋಡುತ್ತೇನೆ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲವೆಂದು ವಿಂಡೋಸ್ 7 ಅನ್ನೇ ಉಳಿಸಿಕೊಂಡ ಅಂಗಡಿಗಳು ನಮ್ಮೂರಿನಲ್ಲಿ ಕಡಿಮೆಯಿಲ್ಲ. ಅದಕ್ಕೆ 2020ರ ಜನವರಿಯಲ್ಲೇ ಭದ್ರತಾ ತಿದ್ದುಪಡಿ ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಸುತ್ತಿದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ವೈರಸ್ ಹರಡಿದ್ದು ಇಂಥ ತಿದ್ದುಪಡಿ ಹಾಕಿಕೊಳ್ಳದ ಯಂತ್ರಗಳ ಮೂಲಕವೇ. ಬ್ಯಾಕಪ್ ಇದೆಯೇ ಎಂದು ಕೇಳಿದರೆ ಇದೆ ಎನ್ನುತ್ತಾರೆ. ಆ ಪೆನ್‌ಡ್ರೈವ್ ಅದೇ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತದೆ. ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ. ಈ ಒಂದು ವಿಷಯದಲ್ಲಿ ಒಳ್ಳೆಯ ಚಂದಾ ಸಾಫ್ಟ್‌ವೇರ್ ನಮ್ಮೂರಿನ ನೂರಕ್ಕೆ ತೊಂಬತ್ತು ಅಂಗಡಿಗಳಿಗಿಂತ ಮೇಲೆಂಬುದು ನನ್ನ ಅಂದಾಜು. ಯಾರೂ ಎಣಿಸಿ ಹೇಳಿದ ಲೆಕ್ಕವಲ್ಲ.

ಇನ್ನೊಂದು ಮುಖವೂ ಇದೆ. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಗೆ 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಹಿಂದೆಯೇ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಹಣ ಕಟ್ಟಿದ ಚಂದಾದಾರರೇ ಇಮೇಲ್ ಇಲ್ಲದೆ ಕುಳಿತು, ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಬಳಿಕ ಕೆಲವೇ ದಿನಗಳಲ್ಲಿ ಸೇವೆ ಮರಳಿತು. ನಿರ್ಬಂಧದ ಸಂಗತಿ ಪಂಪ್‌ಸೆಟ್ ಅಂಗಡಿಗೆ ಸಂಬಂಧಿಸಿದ್ದಲ್ಲ. ಆದರೆ ಸ್ವಿಚ್ಚು ಬೇರೊಬ್ಬರ ಗೋಡೆಯಲ್ಲಿರುತ್ತದೆ ಎಂಬುದು ತೈಲ ಕಂಪನಿಗೂ ಚಳ್ಳಕೆರೆಯ ಗಿರಣಿಗೂ ಒಂದೇ.

ಕೊಳ್ಳುವುದೋ ಚಂದಾ ಕಟ್ಟುವುದೋ ಎಂಬ ಎರಡೇ ದಾರಿಗಳಿವೆಯೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಒಮ್ಮೆ ಕೊಂಡ ಪರವಾನಗಿಗೆ ಕಾಲಮಿತಿಯಿಲ್ಲ. ವರ್ಷದ ನವೀಕರಣ ಬೇರೆ, ಅದನ್ನು ಕಟ್ಟದಿದ್ದರೂ ಇರುವ ಆವೃತ್ತಿ ತೆರೆಯುತ್ತದೆ, ಹೊಸ ಸೌಲಭ್ಯಗಳು ಮಾತ್ರ ಸಿಗುವುದಿಲ್ಲ. ಮುಂಬೈಯವರು ಮಾಡಿದ ಇಆರ್‌ಪಿನೆಕ್ಸ್ಟ್ ಮುಕ್ತ ಸಾಫ್ಟ್‌ವೇರ್, ಎಂದರೆ ಯಾರು ಬೇಕಾದರೂ ಪಡೆದು ಬಳಸಬಹುದಾದ ವ್ಯಾಪಾರ ಲೆಕ್ಕದ ಸಾಫ್ಟ್‌ವೇರ್. ಅವರ ಸರ್ವರಿನಲ್ಲಿ ಬಾಡಿಗೆ ಕೊಟ್ಟೂ ಬಳಸಬಹುದು, ಬೇಡವೆನಿಸಿದರೆ ಅದೇ ಲೆಕ್ಕವನ್ನು ನಮ್ಮ ಸರ್ವರಿಗೂ ತರಬಹುದು. ಅದನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು, ಅವರು ಪುಕ್ಕಟೆ ಸಿಗುವುದಿಲ್ಲ.

ಪಂಪ್‌ಸೆಟ್ ಅಂಗಡಿಯವರಿಗೆ ನನ್ನ ಸಲಹೆ ಒಂದೇ. ಹಣದ ಮಾತನ್ನು ಬದಿಗಿಟ್ಟು, ಕಂಪನಿಯವರು ಪರೀಕ್ಷೆಗೆಂದು ಕೊಡುವ ಖಾತೆಯಲ್ಲಿ ನೂರು ಬಿಲ್ಲು ಹಾಕಿ, ಹತ್ತು ಗಿರಾಕಿಗಳ ಅರೆಬರೆ ಪಾವತಿ ನಮೂದಿಸಿ, ನಂತರ ಎಲ್ಲವನ್ನೂ ಹೊರಗೆ ತೆಗೆದುಕೊಡಿ ಎಂದು ಕೇಳಿ. ಏನು ಕೈಗೆ ಬರುತ್ತದೆಯೋ ಅದನ್ನು ಇಲ್ಲಿ ತಿಳಿಸಿ.

ಎಣ್ಣೆ ಗಿರಣಿ, ಚಳ್ಳಕೆರೆ

ಸರ್ವಿಸ್‌ನವರ ಮಾತು ಒಪ್ಪುತ್ತೇನೆ, ಒಂದನ್ನು ಸೇರಿಸುತ್ತೇನೆ. ನಮ್ಮ ಕಡೆ ರಸ್ತೆ ಅಗೆದವರು ಕೇಬಲ್ ಕತ್ತರಿಸಿದರೆ ಸಂಜೆಯವರೆಗೆ ಇಂಟರ್‌ನೆಟ್ ಇರುವುದಿಲ್ಲ. ಆಗ ಬಿಲ್ಲು ಹಾಕಲು ಬರುತ್ತದೆಯೇ, ನಂತರ ತಾನಾಗಿ ಸೇರಿಕೊಳ್ಳುತ್ತದೆಯೇ ಎಂದೂ ಕೇಳಿ. ಕೇಳಿದಾಗ ಬರುತ್ತದೆ ಎಂದು ನಮಗೂ ಹೇಳಿದ್ದರು. ವೈಫೈ ಆರಿಸಿ, ಕಣ್ಣೆದುರೇ ಮಾಡಿ ತೋರಿಸಲಿ.

ಪಂಪ್‌ಸೆಟ್ ಅಂಗಡಿ, ದಾವಣಗೆರೆ

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಹೇಳಿದಂತೆಯೇ ಮಾಡಿದೆ.

ವೈಫೈ ಆರಿಸಿದಾಗ ಬಿಲ್ಲು ಹಾಕಲು ಬಂತು. ಸಂಪರ್ಕ ಮರಳಿದ ಮೇಲೆ ಅದು ಸರಿಯಾಗಿಯೇ ಸೇರಿಕೊಂಡಿತು. ಚನ್ನಗಿರಿಯ ಸ್ಟಾಕು ಇಲ್ಲಿ ಕುಳಿತೇ ಕಾಣಿಸಿತು, ಅದೊಂದೇ ನನ್ನ ತಮ್ಮನ ಮನಸ್ಸನ್ನು ಗೆದ್ದುಬಿಟ್ಟಿದೆ.

ಲೆಕ್ಕವನ್ನು ಹೊರಗೆ ತೆಗೆದುಕೊಡಿ ಎಂದಾಗ ಮೊದಲು ಪಿಡಿಎಫ್ ಕಳಿಸಿದರು. ಅದು ಓದಲು ಸರಿ, ಬೇರೆ ಸಾಫ್ಟ್‌ವೇರಿಗೆ ಸೇರಿಸಲು ಬಾರದು ಎಂದಾಗ ಎಕ್ಸೆಲ್ ಕಳಿಸಿದರು. ಅದನ್ನು ತೆರೆದು ನೋಡಿದ ಮೇಲೆ ಸರ್ವಿಸ್‌ನವರು ಅರೆಬರೆ ಪಾವತಿ ನಮೂದಿಸಲು ಏಕೆ ಹೇಳಿದರೆಂಬುದು ತಿಳಿಯಿತು. ಪ್ರತಿ ಗಿರಾಕಿಯ ಒಟ್ಟು ಬಾಕಿ ಅದರಲ್ಲಿತ್ತು. ಯಾವ ಬಿಲ್ಲಿಗೆ ಎಷ್ಟು ಜಮಾ, ಎಷ್ಟು ಉಳಿಕೆ ಎಂಬುದು ಇರಲಿಲ್ಲ. ನಮ್ಮ ವ್ಯಾಪಾರದಲ್ಲಿ ಒಟ್ಟು ಬಾಕಿಯಿಂದ ವಸೂಲಿ ಆಗುವುದಿಲ್ಲ. ರೈತರು ಅಂಗಡಿಗೆ ಬಂದು, ಕೇಬಲಿನ ಹಣ ಉಗಾದಿಗೇ ಕೊಟ್ಟಿದ್ದೇನಲ್ಲ, ಉಳಿದದ್ದು ಯಾವುದರದ್ದು ತೋರಿಸಿ ಎಂದಾಗ ಬಿಲ್ಲುವಾರು ಬಾಕಿಯನ್ನು ಮುಂದಿಡಬೇಕು. ಇಲ್ಲವಾದರೆ ಇಪ್ಪತ್ತು ವರ್ಷದ ವಿಶ್ವಾಸ ಕೆಡುತ್ತದೆ.

ಹಾಗೆಂದು ಬರೆದು ಕಳಿಸಿದೆ. ಒಂದು ವಾರ ಉತ್ತರವಿರಲಿಲ್ಲ. ನಂತರ ಬೆಂಗಳೂರಿನಿಂದ ಒಬ್ಬರು ಮಾತನಾಡಿ ಬಿಲ್ಲುವಾರು ಬಾಕಿಯ ಪಟ್ಟಿಯನ್ನು ಸೇರಿಸಿಕೊಟ್ಟರು. ಚಂದಾ ನಿಂತ ಮೇಲೂ ಒಂದು ವರ್ಷ ಹಳೆಯ ಲೆಕ್ಕವನ್ನು ನೋಡಲು ಮತ್ತು ಇಳಿಸಿಕೊಳ್ಳಲು ಬಿಡುವುದಾಗಿ ಕರಾರಿನಲ್ಲಿ ಬರೆದುಕೊಡಲು ಒಪ್ಪಿದ್ದಾರೆ. ಮೊದಲ ಮೂರು ವರ್ಷ ದರ ಏರಿಸಬಾರದೆಂದು ಕೇಳಿದ್ದಕ್ಕೆ, ವರ್ಷಕ್ಕೆ ಶೇ. 5 ಮೀರುವುದಿಲ್ಲ ಎಂದಿದ್ದಾರೆ. ಇನ್ನೂ ಸಹಿ ಮಾಡಿಲ್ಲ.

ತೆರಿಗೆ ಸಲಹೆಗಾರ್ತಿ, ಚಿತ್ರದುರ್ಗ

ಬಾಯಿಮಾತನ್ನು ಕರಾರಿನೊಳಗೆ ತಂದದ್ದು ಒಳ್ಳೆಯದಾಯಿತು. ಎರಡು ಸಂಗತಿ ಗಮನಿಸಿ. ವರ್ಷದ ನಡುವೆ ಬದಲಾಯಿಸಬೇಡಿ. ಏಪ್ರಿಲ್ 1ರಿಂದ ಹೊಸದರಲ್ಲಿ ಆರಂಭಿಸಿ, ಮಾರ್ಚ್ 31ರ ಬಾಕಿಗಳನ್ನು ಬಿಲ್ಲುವಾರಾಗಿಯೇ ಆರಂಭಿಕ ಶಿಲ್ಕಿನಲ್ಲಿ ತನ್ನಿ. ಅವರು ಒಂದು ವರ್ಷ ಕೊಟ್ಟಿದ್ದಾರೆ, ಕಾನೂನು ಆರು ವರ್ಷ ಕೇಳುತ್ತದೆ; ಆದ್ದರಿಂದ ಪ್ರತಿ ತಿಂಗಳ ರಿಟರ್ನ್ ಸಲ್ಲಿಸಿದ ದಿನವೇ ಆ ತಿಂಗಳ ಪೂರ್ತಿ ಲೆಕ್ಕವನ್ನು ಇಳಿಸಿ ಇಟ್ಟುಕೊಳ್ಳಿ.

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. 2014ರಿಂದ ಇಲ್ಲಿಯವರೆಗಿನ ಲೆಕ್ಕ ಅದರಲ್ಲಿ ಮಾತ್ರ ಇದೆ.

ಪಂಪ್‌ಸೆಟ್ ಅಂಗಡಿ, ದಾವಣಗೆರೆ

ಹಾಗೆಯೇ ಮಾಡುತ್ತೇವೆ ಮೇಡಂ. ಮೂರರಲ್ಲಿ ಒಂದು ಕಂಪ್ಯೂಟರನ್ನು ಇಂಟರ್‌ನೆಟ್ ತಂತಿ ಕಿತ್ತು ಹಳೆಯ ಸಾಫ್ಟ್‌ವೇರಿನ ಸಮೇತ ಒಳಕೋಣೆಗೆ ಸರಿಸಿದ್ದೇವೆ. ಚಂದಾ ಕಟ್ಟುವ ಸೂಚನೆಗಳು ನನಗೂ ತಮ್ಮನಿಗೂ ಗುಮಾಸ್ತರಿಗೂ ಮೂವರಿಗೂ ಬರುವಂತೆ ಮಾಡಿಸಿದೆ; ಇದು ಚಳ್ಳಕೆರೆಯ ಯಜಮಾನರಿಂದ ಕಲಿತದ್ದು. ತಿಂಗಳ ಲೆಕ್ಕ ಇಳಿಸಿಡಲು ಎರಡು ಹಾರ್ಡ್‌ಡಿಸ್ಕ್ ತಂದಿದ್ದೇನೆ. ಎರಡನ್ನೂ ಇಲ್ಲೇ ತಿಜೋರಿಯಲ್ಲಿಡಲೇ?

ಕಂಪ್ಯೂಟರ್ ಸರ್ವಿಸ್, ದಾವಣಗೆರೆ

ಒಂದನ್ನು ಚನ್ನಗಿರಿಗೆ ಕಳಿಸಿ. ಪ್ರತಿ ತಿಂಗಳೂ ಅದಲು ಬದಲು ಮಾಡಿ.